ನೆತ್ತಿಯ ಮೇಲಿನ ಸಂಬಂಧ

ಮಗಳು ಹತ್ತಿರವೇ ಇರಲಿ ಎಂದು ದಾವಣಗೆರೆಯ ವಾರಿಜಮ್ಮ ಬೀದರಿನ ಸಂಬಂಧ ಬಿಟ್ಟು, ತಮ್ಮ ನೆತ್ತಿಯ ಮೇಲಿನ ಮಹಡಿಗೇ ಅವಳನ್ನು ಕೊಟ್ಟ ಜಾಣೆ. ಅವರ ಲೋಕದಲ್ಲಿ ಒಂದೊಂದು ಮಹಡಿಯೂ ಊರೂರು ದಾಟಿ ಹಬ್ಬಿದ ನುಣುಪು ನೆಲ. ಒಂದೇ ಮಹಡಿಯಲ್ಲಾದರೆ ದಾವಣಗೆರೆಯಲ್ಲಿ ತಳ್ಳಿದ ಪಾತ್ರೆ ಎಲ್ಲೂ ತಡೆಯಿಲ್ಲದೆ ಜಾರಿ ಕ್ಷಣದಲ್ಲಿ ಬೀದರ್ ಸೇರುತ್ತದೆ. ಮೇಲಿನ ಮಹಡಿಗೆ ಹತ್ತಲು, ಅಲ್ಲಿಂದ ಇಳಿಯಲು ಮಾತ್ರ ವರ್ಷಗಟ್ಟಲೆ ಬೇಕು.

ಬಾಣಂತಿ ಮಗಳಿಗೆಂದು ವರ್ಷಗಳ ಹಿಂದೆ ಕಳಿಸಿದ್ದ ಅಂಟಿನುಂಡೆಯ ಡಬ್ಬಿ ಇವತ್ತು ಮೆಟ್ಟಿಲಿಳಿದು ಬಂತು. ಡಬ್ಬಿ ಖಾಲಿ ಕಳಿಸಬಾರದೆಂಬುದನ್ನು ಮಗಳು ಮರೆತಿರಲಿಲ್ಲ. ಒಳಗೆ ಕಲ್ಲಾದ ಲಾಡು, ಯೂನಿಫಾರ್ಮ್ ತೊಟ್ಟ ಮೊಮ್ಮಗಳ ಫೋಟೊ.

ಹೆಪ್ಪಿಗೆ ಮೊಸರು ಕೇಳಲು ಬೀದರಿನಿಂದ ಜಾರಿ ಬಂದ ಕಲ್ಯಾಣವ್ವ ಫೋಟೊ ನೋಡಿದರು. "ನನ್ನ ಮಗಗ ಕೊಟ್ಟಿದ್ರ ದಿನಾ ನೋಡತಿದ್ರಿ. ಇರ್ಲಿ, ಮತ್ತ ಉಂಡಿ ಕಟ್ಟೂಣೇನ್ರಿ?"

ವಾರಿಜಮ್ಮ ಒಲೆಯ ಮೇಲೆ ಬಾಣಲೆ ಇಟ್ಟರು.

"ಕಟ್ಟೋಣ. ಈಗ ಕಳಿಸಿದರೆ ಮೊಮ್ಮಗಳ ಬಾಣಂತನಕ್ಕಾದರೂ ಮುಟ್ಟೀತು."