ಒಪ್ಪಿಸದೆ ಉಳಿದ ಪಾಠ

ಕ್ಷೌರದಂಗಡಿಯ ಮೇಷ್ಟ್ರು ಆಸ್ಪತ್ರೆಯಲ್ಲಿ ತೀರಿಕೊಂಡರೆಂಬ ಸುದ್ದಿ ಬಂದ ಬೆಳಿಗ್ಗೆ, ಬೀದಿಯ ಗಂಡಸರೆಲ್ಲ ಮುಚ್ಚಿದ ಶಟರಿನ ಮುಂದೆ ಬಂದು ನಿಂತರು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಪಾಠ ಒಪ್ಪಿಸದೆ ಉಳಿದಿತ್ತು.

ಅವರು ಶಾಲೆಯ ಮೇಷ್ಟ್ರಲ್ಲ. ಕೂದಲು ಕತ್ತರಿಸುತ್ತಲೇ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅದೂ ‘ಟೇಕ್’ ಎಂಬ ಒಂದೇ ಕ್ರಿಯಾಪದವನ್ನು. ತೆಗೆದುಕೊಳ್ಳುವುದಕ್ಕೂ ಅದೇ, ಕರೆದೊಯ್ಯುವುದಕ್ಕೂ ಅದೇ, ಫೋಟೊ ಹಿಡಿಯುವುದಕ್ಕೂ ಅದೇ. ಇದೊಂದು ಪಳಗಿದರೆ ಅರ್ಧ ಇಂಗ್ಲಿಷ್ ಬಂದಂತೆ ಎಂಬುದು ಅವರ ನಂಬಿಕೆ. ಒಂದು ಕ್ಷೌರಕ್ಕೆ ಒಂದು ಪ್ರಯೋಗ. ಮುಂದಿನ ಸಲ ಅದನ್ನು ಅರ್ಥಸಹಿತ ಒಪ್ಪಿಸಿದವರಿಗಷ್ಟೇ ಕೊರಳಿಗೆ ಬಟ್ಟೆ. ತಪ್ಪಿದರೆ ಬಾಚಣಿಗೆಯಿಂದ ಕುರ್ಚಿಯ ಕೈಗೆ ಟಕಟಕ ಎಂದು ಬಡಿತ. ‘ಟೇಕ್ ಕೇರ್’ ಬಾಯಿಗೆ ಬಾರದೆ ಬೇಕರಿಯವನು ಗಡ್ಡ ಬಿಟ್ಟುಕೊಂಡೇ ಮದುವೆಯಾಗಿದ್ದ.

ವಾರ ಕಳೆದ ಮೇಲೆ ಮೇಷ್ಟ್ರ ಮಗಳು ಶಟರ್ ಎತ್ತಿ ಕನ್ನಡಿ ಒರೆಸಿದಳು. ಮಧ್ಯಾಹ್ನ ಬೇರೆ ಅಂಗಡಿಯವರು ಕುರ್ಚಿ ಒಯ್ಯಲು ಬರುವವರಿದ್ದರು. ಅಷ್ಟರಲ್ಲಿ ಕೆಲಸದಿಂದ ನಿವೃತ್ತರಾದ ಅಂಚೆಯಜ್ಜ ಟೋಪಿ ಸಮೇತ ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಅವರ ಹಿಂದೆಯೇ ಬಂದ ಬೇಕರಿಯವನು ಬಾಗಿಲಿಗೆ ಒರಗಿ ನಿಂತ.

“ಏಳಿ ಅಜ್ಜ, ಕುರ್ಚಿ ಕೊಟ್ಟುಬಿಡ್ತಿದ್ದೀನಿ. ಅಂಗಡಿ ಇನ್ನಿಲ್ಲ.”

“ಯಾಕಮ್ಮ? ಕತ್ತರಿ ಹಿಡಿಯೋದು ನಿಮ್ಮಪ್ಪನೇ ಕಲಿಸಿದ್ದಾನಲ್ಲ.”

“ಕಲಿಸಿದ್ರು. ಆದ್ರೆ ಹುಡುಗಿ ಕೈಗೆ ತಲೆ ಕೊಡೋರು ಯಾರು?”

“ನಂದಿದೆಯಲ್ಲ.”

“ಅದ್ರಲ್ಲಿ ಕೂದಲೆಲ್ಲಿದೆ?” ಎಂದ ಬೇಕರಿಯವನು.

“ಇರೋದಕ್ಕಾದ್ರೂ ಕ್ಷೌರ ಬೇಡವೇನೋ? ಸುಮ್ನಿರು, ಪಾಠ ಮರೆತುಹೋಗತ್ತೆ.”

ಅಜ್ಜ ಬೆನ್ನು ನೆಟ್ಟಗೆ ಮಾಡಿ, ಕನ್ನಡಿ ನೋಡುತ್ತ ಒಪ್ಪಿಸಿದರು. “ಟೇಕ್ ಆಫ್. ಅಂದ್ರೆ, ವಿಮಾನ ಮೇಲೇಳೋದು.” ಅಷ್ಟಕ್ಕೇ ನಿಲ್ಲಿಸಿ ಬಾಯಿ ಮುಚ್ಚಿದರು.

ಟಕಟಕ.

ಬಾಚಣಿಗೆಯನ್ನು ಯಾವಾಗ ಎತ್ತಿಕೊಂಡೆನೆಂದು ಮಗಳಿಗೇ ತಿಳಿಯದು. “ಅರ್ಧ ಹೇಳಿದ್ರೆ ನಡೆಯಲ್ಲ. ಇನ್ನೊಂದು ಅರ್ಥ?” ಎಂದು ಕೇಳಿಯೇಬಿಟ್ಟಳು. ಗದರಿಕೆ ಥೇಟ್ ಅಪ್ಪನದೇ.

ಅಜ್ಜ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಇದು. ಹಾಕ್ಕೊಂಡಿದ್ದನ್ನ ತೆಗೆಯೋದು. ಗೊತ್ತಿತ್ತಮ್ಮ. ನೀನು ಬಡೀತೀಯೋ ಇಲ್ವೋ ಅಂತ ನೋಡಿದೆ.”

ಬೇಕರಿಯವನು ಬಿದ್ದು ಬಿದ್ದು ನಕ್ಕ. ಮಗಳಿಗೂ ನಗು ತಡೆಯಲಾಗಲಿಲ್ಲ, ನಗುತ್ತಲೇ ಕಣ್ಣೊರೆಸಿಕೊಂಡಳು. ಮಡಿಸಿಟ್ಟಿದ್ದ ಬಟ್ಟೆಯನ್ನು ಕೊಡವಿ ಅಜ್ಜನ ಕೊರಳಿಗೆ ಕಟ್ಟಿದಳು.

“ಕುರ್ಚಿಯವರನ್ನ ನಾನು ವಾಪಸ್ ಕಳಿಸ್ತೀನಿ. ಅಜ್ಜನ ನಂತರ ನಂದೇ ಸರದಿ” ಎನ್ನುತ್ತ ಬೇಕರಿಯವನು, ತನ್ನ ಪಾಠವನ್ನು ಬಾಯಲ್ಲೇ ಉರು ಹೊಡೆಯುತ್ತ ಹೊರಗೆ ಓಡಿದ.

ಕಿವಿಯ ಮೇಲೆ ಕತ್ತರಿ ಚಕಚಕನೆ ಆಡತೊಡಗಿತು. ಅಜ್ಜ ಕಣ್ಣು ಮುಚ್ಚಿ, ಬಟ್ಟೆಯೊಳಗೇ ಕೈ ಜೋಡಿಸಿದರು.

“ದೇವರೇ, ನಮ್ಮ ಮೇಷ್ಟ್ರ ಆತ್ಮಕ್ಕೆ ಶಾಂತಿ ಕೊಡು. ನಿನಗೂ ಪಾಠ ಕೊಡದೆ ಬಿಡೋನಲ್ಲ ಅವನು. ಬೇಸರ ಮಾಡ್ಕೋಬೇಡ, ಒಪ್ಪಿಸಿಬಿಡು.”