ಒಂಟಿ ಗಾಲಿ

ಬಟ್ಟೆಗಳನ್ನು ಒಗೆಯುವ ಯಂತ್ರಕ್ಕೆ ಹಾಕುವ ಮುನ್ನ ಜೇಬು ನೋಡುವುದು ತೆಲ್ಮಾಳ ಅಭ್ಯಾಸ. ಗಂಡನ ಪ್ಯಾಂಟಿನಲ್ಲಿ ಬಸ್ ಟಿಕೆಟು, ಮಗಳ ಸ್ಕರ್ಟಿನಲ್ಲಿ ಕಪ್ಪೆಚಿಪ್ಪು, ಇವೆಲ್ಲ ಮಾಮೂಲು. ಇವತ್ತು ಬೆಳಿಗ್ಗೆ ಮಗಳ ಜಾಕೆಟ್ಟಿನಿಂದ ಗಾಲಿಯೊಂದು ಬಂತು. ಶೂವಿನ ಹಿಮ್ಮಡಿಯೊಳಗೆ ಕೂರುವ ಪುಟ್ಟ ಗಾಲಿ. ತೆಲ್ಮಾ ಯಂತ್ರದ ಬಾಗಿಲನ್ನು ತೆರೆದಂತೆಯೇ ಬಿಟ್ಟು, ಮಂಚದ ಕೆಳಗಿದ್ದ ಶೂಗಳನ್ನು ಎಳೆದು ನೋಡಿದಳು. ಎರಡೂ ಹಿಮ್ಮಡಿಗಳು ಖಾಲಿ.

"ಇದನ್ನ ಯಾಕೆ ಕಿತ್ತೆ ಪುಟ್ಟಿ? ಇನ್ನೊಂದೆಲ್ಲಿ?"

ಎಂಟು ವರ್ಷದ ಜಸಿಂತಾ ಹಾಲಿನಲ್ಲಿ ಬ್ರೆಡ್ಡು ಅದ್ದುತ್ತಿದ್ದಳು. "ಕಳೆದುಹೋಯ್ತು."

"ಎಲ್ಲಿ?"

"ಎಲ್ಲೋ." ಬ್ರೆಡ್ಡು ಹಾಲಿನೊಳಗೇ ಮುರಿದು ಬಿತ್ತು. ಅವಳು ಅದನ್ನು ತೆಗೆಯಲಿಲ್ಲ.

ಶೂ ಕೊಟ್ಟವಳು ಚರ್ಚಿನ ಜ್ಞಾನಸ್ನಾನದಲ್ಲಿ ಹುಡುಗಿಗೆ ಧರ್ಮತಾಯಿಯಾಗಿ ನಿಂತ ಎರ್ಮೀನಿಯಾ. ಎಪ್ಪತ್ತು ದಾಟಿದವಳಾದ್ದರಿಂದ ಹುಡುಗಿ ಅವಳನ್ನು ಅಜ್ಜಿ ಎಂದೇ ಕರೆಯುತ್ತಾಳೆ. ಈಸ್ಟರಿಗೆ ಧರ್ಮಪುತ್ರಿಗೆ ಏನಾದರೂ ಕೊಡಬೇಕಲ್ಲ. ಪ್ರತಿವರ್ಷ ಮೊಟ್ಟೆ ಇಟ್ಟು ಬೇಯಿಸಿದ ಸಿಹಿ ಬ್ರೆಡ್ಡು ಬರುತ್ತಿತ್ತು, ಈ ವರ್ಷ ಲಿಸ್ಬನ್ನಿನಿಂದ ತರಿಸಿದ ಗಾಲಿ ಶೂ ಬಂತು. "ನಮ್ಮ ಬೀದಿ ತುಂಬ ಕಲ್ಲುಹಾಸು, ಎರ್ಮೀನಿಯಾಮ್ಮ. ನುಣುಪು ನೆಲ ಇರೋದೆಲ್ಲ ಜನ ಓಡಾಡೋ ಕಡೆ. ಇವಳು ಯಾರಿಗಾದ್ರೂ ಗುದ್ದಿದರೆ?" ಎಂದು ತೆಲ್ಮಾ ಅಂದೇ ಕೇಳಿದ್ದಳು. "ಮಾರ್ಕೆಟ್ಟಿನ ನೆಲ ಕನ್ನಡಿ ಹಾಗಿದೆ. ಜೊತೆಗೆ ನಾನಿರ್ತೀನಿ. ನೀನು ಚಿಕ್ಕವಳಿದ್ದಾಗಲೂ ಹೀಗೇ, ನೆರಳು ಕಂಡ್ರೆ ಹೆದರ್ತಿದ್ದೆ" ಎಂದು ಮುದುಕಿ ಬಾಯಿ ಮುಚ್ಚಿಸಿದ್ದಳು.

ಕಳೆದ ಶನಿವಾರ ಅದೇ ಮಾರ್ಕೆಟ್ಟಿನಲ್ಲಿ, ಮೀನಿನಂಗಡಿಗಳ ಹತ್ತಿರ, ಎರ್ಮೀನಿಯಾ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಎತ್ತಲು ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: ಮೀನಿನ ನೀರಿಗೆ ಕಾಲು ಜಾರಿತು, ಈ ಇದಾಲಿನಾ ನೆಲ ಒರೆಸೋದೇ ಇಲ್ಲ. ಅಂದಿನಿಂದ ಜನ ಇದಾಲಿನಾಳ ಮೀನಿನಂಗಡಿಯನ್ನು ತಪ್ಪಿಸಿಕೊಂಡು ಹೋಗುತ್ತಾರೆ. ನಿನ್ನೆ ತೆಲ್ಮಾ ಕೂಡ ಪಕ್ಕದ ಅಂಗಡಿಯವಳ ಹತ್ತಿರ ಬೂತಾಯಿ ಮೀನು ಕೊಂಡು, ಇದಾಲಿನಾಳ ಕಣ್ಣು ತಪ್ಪಿಸಿ ಬಂದಿದ್ದಳು.

ತೆಲ್ಮಾ ಗಾಲಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಸೂಪಿನ ಪಾತ್ರೆ ಎತ್ತಿಕೊಂಡಳು. "ಬಾ, ಅಜ್ಜಿಗೆ ಕೊಟ್ಟು ಹಾಗೇ ಸ್ಕೂಲಿಗೆ ಹೋಗೋಣ."

"ನಾನು ಮೆಟ್ಟಿಲ ಕೆಳಗೇ ನಿಲ್ತೀನಿ."

"ಆರು ದಿನದಿಂದ ಕೆಳಗೇ ನಿಂತಿದ್ದೀಯ ಚಿನ್ನ."

"ಹೊಟ್ಟೆ ನೋಯ್ತಿದೆ." ತೆಲ್ಮಾ ಬೈಯಲಿಲ್ಲ. ಪಾತ್ರೆ ಕೆಳಗಿಟ್ಟು, ಬಾಗಿ ಮಗಳ ಹಳೆಯ ಶೂವಿನ ಲೇಸು ಕಟ್ಟಿ, ಮತ್ತೆ ಪಾತ್ರೆ ಎತ್ತಿಕೊಂಡು ಇನ್ನೊಂದು ಕೈಯನ್ನು ಚಾಚಿದಳು. ಸ್ವಲ್ಪ ಹೊತ್ತಿನ ಮೇಲೆ ಆ ಕೈಯೊಳಗೆ ಬೆವೆತ ಪುಟ್ಟ ಕೈಯೊಂದು ಬಂತು.

ಎರ್ಮೀನಿಯಾ ತನ್ನ ಮಹಡಿ ಮನೆಯ ಕಿಟಕಿಯ ಪಕ್ಕ, ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. "ಬಂದ್ಯಾ ಮಹಾರಾಣಿ? ಮುರಿದಿದ್ದು ನನ್ನ ಕೈ, ಮೆಟ್ಟಿಲು ಹತ್ತೋಕೆ ನಿನ್ನ ಕಾಲಿಗೇನಾಗಿತ್ತು?"

ಹುಡುಗಿ ಅಮ್ಮನ ಬೆನ್ನಿಗೆ ಸರಿದಳು. ತೆಲ್ಮಾ ಸೂಪಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಅದರ ಪಕ್ಕ ಗಾಲಿಯನ್ನಿಟ್ಟಳು. ಮುದುಕಿ ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ ಸರಿಯಿದ್ದ ಕೈಯಿಂದ ಸೂಜಿ ದಾರದ ಡಬ್ಬಿ ತೆರೆದು, ಗುಂಡಿಗಳ ನಡುವಿನಿಂದ ಇನ್ನೊಂದು ಗಾಲಿ ತೆಗೆದು ಜೋಡಿಸಿಟ್ಟಳು.

"ಒಂಟಿಯಾಗಿ ಬೇಜಾರಾಗಿತ್ತು ಪಾಪ, ಇದಕ್ಕೆ."

"ಅಂದ್ರೆ ನಿಮಗೆ ಮೊದಲೇ ಗೊತ್ತಿತ್ತಾ?"

"ಹಿಂದಿನಿಂದ ಬಂದು ಗುದ್ದಿದರೆ ಗೊತ್ತಾಗದೆ ಇರುತ್ತಾ? ಗಾಲಿ ಕಿತ್ತುಕೊಂಡು ಬಂದು ನನ್ನ ಮೂಗಿನ ಮುಂದೇ ಬಿತ್ತು. ಜನ ಸೇರೋ ಮುಂಚೆ ಮುಷ್ಟಿಯೊಳಗೆ ಮುಚ್ಚಿಕೊಂಡೆ." ಅವಳು ಸೂಪು ಕಲಕಿದಳು. "ನಿನ್ನ ಮಾತೇ ನಿಜವಾಯ್ತಲ್ಲ ಅಂತ ನನಗೆ ಒಳಗೊಳಗೇ ಉರಿ. ಈ ಕಡೆ ತಿರುಗಿದರೆ ಮಗು ಮುಖ ಸುಣ್ಣ ಬಳಿದ ಹಾಗಾಗಿತ್ತು. ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಇವಳನ್ನ ಬೈಯೋದು ಬೇಡ ಅಂತ ಮೀನಿನ ಮೇಲೆ ಹಾಕ್ದೆ. ಮೀನಿಗೇನು, ಹೇಗೂ ಸತ್ತಿರುತ್ತೆ."

ತೆಲ್ಮಾಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಬೆನ್ನ ಹಿಂದಿದ್ದ ಮಗಳ ತಲೆಯನ್ನು ಸವರಿದಳು. ಆರು ದಿನ ಈ ಪುಟ್ಟ ತಲೆ ಇದನ್ನೆಲ್ಲ ಒಂಟಿಯಾಗಿ ಹೊತ್ತಿತ್ತು.

"ನೋವಾಗ್ತಿದೆಯಾ ಅಜ್ಜಿ?" ಹುಡುಗಿಯ ದನಿ ಕೇಳಿಸಿದ್ದೇ ಕಷ್ಟ.

"ಕೆರೆತ. ಪ್ಲಾಸ್ಟರಿನೊಳಗೆ ಬೆರಳು ಹೋಗಲ್ಲ ನೋಡು, ಅದೊಂದೇ ಸಂಕಟ. ತೆಲ್ಮಾ, ಆ ಶೂನ ಅಟ್ಟದ ಮೇಲಿಡು. ಇವಳು ದೊಡ್ಡವಳಾದ ಮೇಲೆ ಹಾಕ್ಕೊಳ್ಳಲಿ."

"ಅಷ್ಟರಲ್ಲಿ ಪಾದವೂ ದೊಡ್ಡದಾಗಿರುತ್ತೆ."

"ಆಗಲಿ ಬಿಡು. ನನ್ನ ಇನ್ನೊಂದು ಕೈ ಉಳಿಯುತ್ತೆ."

ಇಬ್ಬರೂ ಹೆಂಗಸರು ಮನಸಾರೆ ನಕ್ಕರು. ಜಸಿಂತಾ ನಗಲಿಲ್ಲ. ಅವಳು ಕಿಟಕಿಯ ಹತ್ತಿರ ಹೋಗಿ ನಿಂತಿದ್ದಳು. ಕೆಳಗೆ, ಎದುರಿನ ಮಾರ್ಕೆಟ್ಟಿನ ಬಾಗಿಲಲ್ಲೇ ಇದ್ದ ತನ್ನ ಅಂಗಡಿಯ ಮುಂದೆ, ಇದಾಲಿನಾ ಮಂಡಿಯೂರಿ ಕೂತು ಒಣಗಿದ ನೆಲವನ್ನು ಮತ್ತೆ ಉಜ್ಜುತ್ತಿದ್ದಳು. ಚೀಲ ಹಿಡಿದ ಇಬ್ಬರು ಅವಳನ್ನು ದಾಟಿ ಒಳಗೆ ಹೋದರು. ಅವಳು ತಲೆ ಎತ್ತಿ ನೋಡಿ, ಮತ್ತೆ ಬಗ್ಗಿದಳು.

ಹುಡುಗಿ ಗಾಜಿನಿಂದ ಮುಖ ತಿರುಗಿಸಲಿಲ್ಲ.

"ಅಮ್ಮಾ, ಇದಾಲಿನಮ್ಮನಿಗೆ ಯಾರು ಹೇಳ್ತಾರೆ?"