ದೇವರಿಗೆ ಆಗದ ಜಾಗ

ಕೋಣೆ ಬದಲಾಗುವ ಹಿಂದಿನ ದಿನವೂ ಅಜ್ಜಿ ಕಾರ್ಕಳದ ಮನೆಯ ಎದುರಿನ ಕೋಣೆಯಲ್ಲಿ, ಕಿಟಕಿಯ ಬಳಿ ಕುಳಿತು ಬೀಡಿ ಕಟ್ಟುತ್ತಿದ್ದರು. ರಸ್ತೆಯಲ್ಲಿ ಮೀನು ಮಾರುವವಳು ಕೂಗಿದರೆ, "ಬುಟ್ಟಿಯಲ್ಲಿ ಬಂಗುಡೆ ಉಂಟಾ, ಬರೀ ಬಾಯಿಯಾ?" ಎಂದು ಕೆಣಕುತ್ತಿದ್ದರು.

ಆ ಕೋಣೆ ಅವರ ಮಗನಿಗೆ, ಅಂದರೆ ನನ್ನ ಮಾವನಿಗೆ, ಬೇಕಾಯಿತು. ಅಜ್ಜಿಗೆಂದು ಮೆಟ್ಟಿಲಿನ ಅಡಿಯ ಜಾಗಕ್ಕೆ ಗೋಡೆ ಕಟ್ಟಿಸಿ, ಬಾಗಿಲು ಇಡಿಸಿ, ಹಳದಿ ಪೇಂಟ್ ಹೊಡೆಸಿದರು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಹೊಸ ಪೇಂಟಿನ ವಾಸನೆಗೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅತ್ತೆ ದೇವರ ಫೋಟೋ ಹಿಡಿದುಕೊಂಡು ಬಂದರು. "ಇದೂ ಇಲ್ಲೇ ಇರಲಿ. ಕೈಮುಗಿಯಲಿಕ್ಕೆ ಆಗ್ತದೆ."

ಮಾವ ರೇಗಿದರು. "ನಿನಗೆ ತಲೆ ಉಂಟಾ? ಮೇಲೆ ಎಲ್ಲರೂ ಮೆಟ್ಟಿಕೊಂಡು ಹೋಗುವ ಜಾಗ. ದೇವರನ್ನು ಇಲ್ಲಿ ಇಡ್ತಾರಾ?"

ಅತ್ತೆ ನಾಲಿಗೆ ಕಚ್ಚಿಕೊಂಡು ಫೋಟೋವನ್ನು ಎದುರಿನ ಕೋಣೆಗೇ ವಾಪಸ್ ಒಯ್ದರು. ಆಮೇಲೆ ಇಬ್ಬರೂ ಸೇರಿ ಅಜ್ಜಿಯ ಮಂಚವನ್ನು ಒಳಗೆ ತಳ್ಳಿದರು.

ಅಜ್ಜಿ ಬಗ್ಗಿ ಕುಳಿತು ಸುತ್ತ ನೋಡಿದರು. "ಕಿಟಕಿ ಎಲ್ಲಿ ಮಗಾ?"

"ಮುಂದಿನ ತಿಂಗಳು ಇಡಿಸುವ, ಅಮ್ಮ. ಮೇಸ್ತ್ರಿಗೆ ಹೇಳಿದ್ದೇನೆ."

ಹೇಳಿ ಮಾವ ಮಹಡಿಗೆ ಹೋದರು. ಅವರ ಒಂದೊಂದು ಹೆಜ್ಜೆಗೂ ಅಜ್ಜಿ ತಲೆ ತಗ್ಗಿಸುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಎರಡು ವರ್ಷ ಅಲ್ಲಿದ್ದು, ಅಜ್ಜಿ ಅಲ್ಲಿಯೇ ತೀರಿಕೊಂಡರು. ಮಾವ ಅವರ ಫೋಟೋಗೆ ಚೌಕಟ್ಟು ಹಾಕಿಸಿ, ಎದುರಿನ ಕೋಣೆಯಲ್ಲಿ, ದೇವರ ಪಕ್ಕ ಇಟ್ಟರು.

ಮೆಟ್ಟಿಲಿನ ಅಡಿಯ ಕೋಣೆಗೆ ಇವತ್ತಿಗೂ ಕಿಟಕಿ ಇಲ್ಲ.